"ಓವರಿ ಸರಿ ಇದೆ, ಮೇಲಿಂದ ಸಿಗ್ನಲ್ ಬರ್ತಿಲ್ಲ" ಅಂದ್ರು ಡಾಕ್ಟ್ರು. ಮೇಲಿಂದ ಅಂದ್ರೆ ಎಲ್ಲಿಂದ?

ಅರ್ಧಓಟ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೇಜಾರಾಗ್ಬೇಡಿ. ನಂಗೆ 27. ಒಂದೂವರೆ ವರ್ಷದಿಂದ ಓಡ್ತಿದೀನಿ, ಮೊದಲು 5 ಕಿಲೋಮೀಟರ್, ಆಮೇಲೆ 10, ಈಗ ಹಾಫ್ ಮ್ಯಾರಥಾನ್‌ಗೆ ಅಂತ ಟ್ರೇನಿಂಗ್, ತೂಕ 64ರಿಂದ 55ಕ್ಕೆ ಇಳೀತು, ನೋಡಿದವರೆಲ್ಲ ಚೆನ್ನಾಗ್ ಕಾಣ್ತೀಯ ಅಂದ್ರು, ನಾನೂ ಖುಷಿಯಾಗೇ ಇದ್ದೆ. ಆದ್ರೆ ಏಳು ತಿಂಗಳಿಂದ ಪೀರಿಯಡ್ಸ್ ಇಲ್ಲ. ಪ್ರೆಗ್ನೆನ್ಸಿ ಅಲ್ಲ, ಥೈರಾಯ್ಡ್ ನಾರ್ಮಲ್, ಪ್ರೊಲ್ಯಾಕ್ಟಿನ್ ನಾರ್ಮಲ್, ಸ್ಕ್ಯಾನ್‌ನಲ್ಲಿ ಓವರಿ ಗರ್ಭಕೋಶ ಎಲ್ಲಾ ಸರಿ ಇದೆ. ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರೋಜನ್ ಮೂರೂ ಕಡಿಮೆ. ಡಾಕ್ಟ್ರು "ಹೈಪೋಥಾಲಮಿಕ್, ಮೆದುಳಿಂದ ಸಿಗ್ನಲ್ ಬರ್ತಿಲ್ಲ, ಓಟ ಕಮ್ಮಿ ಮಾಡಿ ಚೆನ್ನಾಗ್ ತಿನ್ನಿ" ಅಂದು ಮುಂದಿನ ಪೇಷಂಟ್ ಕರೆದ್ರು. ನನ್ನ ಪ್ರಶ್ನೆ ಎರಡು. ಒಂದು, ಮೆದುಳು ಕಳಿಸೋ ಆ ಸಿಗ್ನಲ್ ಏನೋ ಹಾರ್ಮೋನ್ ತಾನೇ, ಅದನ್ನೇ ಮಾತ್ರೆ ಮಾಡಿ ಕೊಡಬಾರದಾ? ಎರಡು, ನಾನು ಎಷ್ಟು ಓಡ್ತೀನಿ ಎಷ್ಟು ತಿಂತೀನಿ ಅಂತ ಮೆದುಳಿಗೆ ಲೆಕ್ಕ ಕೊಟ್ಟೋರು ಯಾರು?

ಲ್ಯಾಬ್‌ಕೋಟು:
ನಾನು ಫಿಸಿಯಾಲಜಿ ಪಾಠ ಮಾಡೋಳು, ಟ್ರೀಟ್‌ಮೆಂಟ್ ಕೊಡೋ ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ಈ ವಿಷಯ ನಂಗೆ ತುಂಬಾ ಇಷ್ಟ, ಹಾಗಾಗಿ ಉದ್ದ ಆಗುತ್ತೆ.

ಮೆದುಳಲ್ಲಿ ಒಟ್ಟು ಸುಮಾರು 8,600 ಕೋಟಿ ನರಕೋಶ ಇದಾವೆ. ಅದರಲ್ಲಿ ಮನುಷ್ಯರ ಸಂತಾನೋತ್ಪತ್ತಿ ವ್ಯವಸ್ಥೆ ಪೂರ್ತಿ ನಿಂತಿರೋದು ಬರೀ ಒಂದೆರಡು ಸಾವಿರ ಕೋಶಗಳ ಮೇಲೆ. ಅವು ಹೈಪೋಥಾಲಮಸ್ ಅನ್ನೋ ಜಾಗದಲ್ಲಿ ಒಂದೇ ಕಡೆ ಗುಂಪಾಗಿ ಕೂಡ ಇಲ್ಲ, ಅಲ್ಲೊಂದು ಇಲ್ಲೊಂದು ಚದುರಿಕೊಂಡಿವೆ. ಅವು ಬಿಡೋ ವಸ್ತುವಿನ ಹೆಸರು ಜಿಎನ್‌ಆರ್‌ಎಚ್, ಹತ್ತೇ ಹತ್ತು ಅಮೈನೋ ಆಮ್ಲದ ಪುಟಾಣಿ ಸರ. ಅದು ಒಂದು ಖಾಸಗಿ ರಕ್ತನಾಳದ ದಾರೀಲಿ ಕೆಳಗಿರೋ ಪಿಟ್ಯುಟರಿ ಅನ್ನೋ ಗ್ರಂಥಿಗೆ ಹೋಗುತ್ತೆ, ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಬಿಡುತ್ತೆ, ಅವೆರಡು ಓವರಿಗೋ ವೃಷಣಕ್ಕೋ ಹೋಗಿ ಕೆಲಸ ಮಾಡಿಸ್ತಾವೆ. ಇಷ್ಟು ಯಾವ ಪುಸ್ತಕದಲ್ಲಾದ್ರೂ ಸಿಗುತ್ತೆ.

ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಡೋ ಮಾತು ಇನ್ನೊಂದಿದೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇರೋದು. ಜಿಎನ್‌ಆರ್‌ಎಚ್ ಕೊಳಾಯಿ ನೀರಿನ ಥರ ಸುರಿಯಲ್ಲ. ಒಂದು ಸಲ ಬಿಟ್ಟು ಸುಮ್ಮನಾಗುತ್ತೆ, ಒಂದು ಒಂದೂವರೆ ಗಂಟೆ ಬಿಟ್ಟು ಇನ್ನೊಂದ್ಸಲ. ರಕ್ತದಲ್ಲಿ ಅದರ ಅರ್ಧಾಯುಷ್ಯ 2ರಿಂದ 4 ನಿಮಿಷ ಅಷ್ಟೇ, ಅಂದ್ರೆ ಮುಂದಿನ ಸಲ ಬರೋಷ್ಟೊತ್ತಿಗೆ ಹಿಂದಿನದು ಪೂರ್ತಿ ಅಳಿಸಿಹೋಗಿರುತ್ತೆ. ಪಿಟ್ಯುಟರಿ ನೋಡೋದು ಎಷ್ಟು ಬಂತು ಅನ್ನೋದಕ್ಕಿಂತ ಎಷ್ಟೆಷ್ಟು ಹೊತ್ತಿಗೆ ಬಂತು ಅನ್ನೋದನ್ನ.

ಪ್ರಶ್ನೆಪೆಟ್ಟಿಗೆ:
ಮೇಡಂ ಖಾಸಗಿ ರಕ್ತನಾಳ ಯಾಕೆ? ಮಾಮೂಲಿ ರಕ್ತಕ್ಕೆ ಬಿಟ್ರೆ ಪಿಟ್ಯುಟರಿಗೂ ಹೋಗಲ್ವಾ?

ಲ್ಯಾಬ್‌ಕೋಟು:
ಒಂದೆರಡು ಸಾವಿರ ಕೋಶ ಬಿಡೋ ಚೂರನ್ನ ಐದು ಲೀಟರ್ ರಕ್ತಕ್ಕೆ ಕಲಸಿದ್ರೆ ಸಮುದ್ರಕ್ಕೆ ಉಪ್ಪು ಹಾಕಿದಂಗೆ. ಅದಕ್ಕೇ ನೇರ ದಾರಿ. ಕೈಯಿಂದ ರಕ್ತ ತೆಗೆದು ಜಿಎನ್‌ಆರ್‌ಎಚ್ ಟೆಸ್ಟ್ ಮಾಡೋಕೆ ಆಗದೇ ಇರೋದೂ ಇದೇ ಕಾರಣಕ್ಕೆ. ಅದರ ಬದಲು ಹತ್ತತ್ತು ನಿಮಿಷಕ್ಕೆ ರಕ್ತ ತೆಗೆದು ಎಲ್‌ಎಚ್ ಏರಿಳಿತ ನೋಡಿ, ಮೇಲೆ ಏನಾಗ್ತಿದೆ ಅಂತ ಊಹೆ ಮಾಡ್ತಾರೆ. ಅರ್ಧಓಟ ಅವರೇ, ನಿಮ್ಮ ರಿಪೋರ್ಟಲ್ಲಿ ಇರೋದು ಒಂದೇ ಹೊತ್ತಿನ ಎಲ್‌ಎಚ್. ಅದರಿಂದ ಲಯ ಗೊತ್ತಾಗಲ್ಲ, ಆದ್ರೆ ಮೂರೂ ಒಟ್ಟಿಗೆ ಕಡಿಮೆ ಇರೋದು ದೊಡ್ಡ ಸುಳಿವು. ಓವರಿ ಕೆಟ್ಟಿದ್ರೆ ಈಸ್ಟ್ರೋಜನ್ ಕಡಿಮೆಯಾಗಿ ಎಫ್‌ಎಸ್‌ಎಚ್ ಮೇಲಕ್ಕೆ ಹಾರಿರಬೇಕಿತ್ತು.

ಹಳೇಪುಸ್ತಕ:
ಆ ರಕ್ತನಾಳದ ದಾರಿ ಬಗ್ಗೆ ಒಂದು ದೊಡ್ಡ ಜಗಳಾನೇ ಆಗಿತ್ತು. 1930ರಲ್ಲಿ ಪೋಪಾ ಮತ್ತು ಫೀಲ್ಡಿಂಗ್ ಅನ್ನೋರು ಈ ನಾಳಗಳನ್ನ ವಿವರಿಸಿ ರಕ್ತ ಪಿಟ್ಯುಟರಿಯಿಂದ ಮೆದುಳಿಗೆ ಮೇಲಕ್ಕೆ ಹರಿಯುತ್ತೆ ಅಂದ್ರು. 1936ರಲ್ಲಿ ವಿಸ್ಲಾಕಿ ಮತ್ತು ಕಿಂಗ್ ಬಂದು ಇಲ್ಲ, ಕೆಳಕ್ಕೆ ಅಂದ್ರು. ಸತ್ತ ಪ್ರಾಣಿ ಕೊಯ್ದು ನೋಡಿದ್ರೆ ರಕ್ತ ಯಾವ ಕಡೆ ಹರೀತಿತ್ತು ಅಂತ ಹೇಗೆ ಹೇಳೋದು! ಆಮೇಲೆ ಜೆಫ್ರಿ ಹ್ಯಾರಿಸ್ ಮತ್ತು ಗ್ರೀನ್ ಜೀವಂತ ಇಲಿಯಲ್ಲೇ ನೋಡಿ ಕೆಳಕ್ಕೇ ಅಂತ ತೋರಿಸಿದ್ರು.

ಹ್ಯಾರಿಸ್ 1952ರಲ್ಲಿ ಯಾಕಬ್ಸನ್ ಜೊತೆ ಮಾಡಿದ ಪ್ರಯೋಗ ನನ್ನ ಫೇವರಿಟ್. ಹೆಣ್ಣಿಲಿಯ ಪಿಟ್ಯುಟರಿ ತೆಗೆದು, ಬೇರೆ ಇಲಿಯ ಪಿಟ್ಯುಟರಿಯನ್ನ ಹೈಪೋಥಾಲಮಸ್ ಕೆಳಗೆ ಆ ನಾಳಗಳು ಸಿಗೋ ಜಾಗದಲ್ಲಿ ಕೂರಿಸಿದ್ರು, ಋತುಚಕ್ರ ವಾಪಸ್ ಬಂತು. ಅದೇ ಗ್ರಂಥಿಯನ್ನ ಸ್ವಲ್ಪ ಪಕ್ಕಕ್ಕೆ, ಮೆದುಳಿನ ಬೇರೆ ಭಾಗದ ಕೆಳಗೆ ಇಟ್ರೆ, ಅಲ್ಲೂ ರಕ್ತ ಚೆನ್ನಾಗೇ ಸಿಗುತ್ತೆ, ಗ್ರಂಥಿ ಬದುಕಿರುತ್ತೆ, ಆದ್ರೆ ಕೆಲಸ ಮಾಡಲ್ಲ. ಗಂಡಿಲಿಯ ಪಿಟ್ಯುಟರಿ ತಂದು ಹೆಣ್ಣಿಲಿಗೆ ಕೂರಿಸಿದ್ರೂ ನಡೀತು. ಗಂಡಿನ ಪಿಟ್ಯುಟರಿ ಹೆಣ್ಣಿನ ಋತುಚಕ್ರ ನಡೆಸ್ತು ರೀ! ಅಂದ್ರೆ ಯಜಮಾನಿಕೆ ಪಿಟ್ಯುಟರಿದಲ್ಲ, ಮೇಲಿನವರದು. ಇವತ್ತಿಗೂ ಶಾಲೆ ಪುಸ್ತಕದಲ್ಲಿ "ಮಾಸ್ಟರ್ ಗ್ರಂಥಿ" ಅಂತ ಬರೀತಾರೆ, ಓದಿದಾಗೆಲ್ಲ ಉರಿಯುತ್ತೆ ನಂಗೆ.

ಆಮೇಲೆ ಶಾಲಿ ಮತ್ತು ಗಿಯೆಮ್ಯಾನ್. ಒಬ್ರು ಹಂದಿ, ಇನ್ನೊಬ್ರು ಕುರಿ, ಲಕ್ಷಗಟ್ಟಲೆ ಹೈಪೋಥಾಲಮಸ್ ಅರೆದು ಅರೆದು ಚಿಟಿಕೆಯಷ್ಟು ಹಾರ್ಮೋನ್ ತೆಗೆದ್ರು. ಮೊದಲು ಒಂದೇ ಲ್ಯಾಬಲ್ಲಿ ಕೆಲಸ ಮಾಡ್ತಿದ್ದೋರು, ಆಮೇಲೆ ಬದ್ಧ ಎದುರಾಳಿಗಳು. 1971ರಲ್ಲಿ ಜಿಎನ್‌ಆರ್‌ಎಚ್ ರಚನೆ ಶಾಲಿ ಲ್ಯಾಬಿಂದ ಮೊದಲು ಹೊರಬಂತು, ಆದ್ರೆ 1977ರ ನೊಬೆಲ್ ಇಬ್ಬರಿಗೂ ಹಂಚಿ ಬಂತು, ಇನ್ನರ್ಧ ರೊಸಾಲಿನ್ ಯಾಲೋ ಅವರಿಗೆ. ಹಾರ್ಮೋನನ್ನ ರಕ್ತದಲ್ಲಿ ಅಳೆಯೋ ವಿಧಾನ ಕಂಡುಹಿಡಿದವರು ಯಾಲೋ, ಅದಿಲ್ದಿದ್ರೆ ಅರ್ಧಓಟ ಅವರ ರಿಪೋರ್ಟಲ್ಲಿ ಒಂದು ನಂಬರೂ ಇರ್ತಿರಲಿಲ್ಲ.

ಅರ್ಧಓಟ:
ಇಲಿ ಕಥೆ ಓದಿ ರೋಮಾಂಚನ ಆಯ್ತು ಸರ್. ಆದ್ರೆ ನನ್ನ ಮಾತ್ರೆ ಪ್ರಶ್ನೆ ಅಲ್ಲೇ ಉಳೀತು 😅

ಲ್ಯಾಬ್‌ಕೋಟು:
ಅಲ್ಲಿಗೇ ಬರ್ತಿದ್ದೆ. ಮಾತ್ರೆ ಅಂತೂ ಆಗಲ್ಲ, ಹೊಟ್ಟೇಲಿ ಬೇರೆ ಪ್ರೋಟೀನ್ ಥರ ಅದೂ ಜೀರ್ಣ ಆಗೋಗುತ್ತೆ. ಹಾಗಾದ್ರೆ ಡ್ರಿಪ್ ಹಾಕಿ ದಿನವಿಡೀ ಕೊಟ್ರೆ? ಎರ್ನ್ಸ್ಟ್ ನೋಬಿಲ್ ಅನ್ನೋ ವಿಜ್ಞಾನಿಯ ತಂಡ ಅದನ್ನೇ ಮಾಡಿ 1978ರಲ್ಲಿ ಪ್ರಕಟಿಸ್ತು. ಕೋತಿಗಳ ಹೈಪೋಥಾಲಮಸ್‌ನ ಆ ಭಾಗ ನಾಶ ಮಾಡಿದ್ರು, ಎಲ್‌ಎಚ್ ಎಫ್‌ಎಸ್‌ಎಚ್ ಎರಡೂ ನೆಲ ಕಚ್ಚಿದ್ವು. ಆಮೇಲೆ ಗಂಟೆಗೊಂದು ಸಲ, ಆರು ನಿಮಿಷ ಜಿಎನ್‌ಆರ್‌ಎಚ್ ಕೊಟ್ರು, ಎರಡೂ ಎದ್ದು ಬಂದ್ವು. ಅದೇ ಕೋತಿಗಳಿಗೆ ನಿಲ್ಲಿಸದೇ ಸತತವಾಗಿ ಕೊಟ್ರು, ಕೆಲವೇ ದಿನಕ್ಕೆ ಎರಡೂ ಮತ್ತೆ ಬಿದ್ದುಹೋದ್ವು. ಕೊಡೋದು ನಿಲ್ಲಿಸಿದ್ದಕ್ಕಲ್ಲ, ಕೊಡ್ತಾನೇ ಇದ್ದಿದ್ದಕ್ಕೆ!

ಕಾಲಿಂಗ್ ಬೆಲ್ ಆಗಾಗ ಹೊಡೆದ್ರೆ ಬಂದು ಬಾಗಿಲು ತೆಗೀತೀರ, ಯಾರೋ ಒತ್ತಿಕೊಂಡೇ ನಿಂತ್ರೆ ವೈರ್ ಕಿತ್ತಾಕ್ತೀರ. ಪಿಟ್ಯುಟರಿ ಕೋಶ ಮಾಡೋದೂ ಅದನ್ನೇ, ತನ್ನ ರಿಸೆಪ್ಟರ್‌ಗಳನ್ನ, ಅಂದ್ರೆ ಹಾರ್ಮೋನ್ ಹಿಡಿಯೋ ಕೊಂಡಿಗಳನ್ನ, ಒಳಗೆಳ್ಕೊಂಡು ಕಿವುಡಾಗುತ್ತೆ.

ವೇಗಕ್ಕೂ ಅರ್ಥ ಇದೆ. ಅದೇ ತಂಡ ಗಂಟೆಗೊಂದರ ಬದಲು ಮೂರು ಗಂಟೆಗೊಂದು ಮಾಡಿದಾಗ ಎಲ್‌ಎಚ್ ಇಳೀತು, ಎಫ್‌ಎಸ್‌ಎಚ್ ಏರಿತು. ಅಂದ್ರೆ ಒಂದೇ ಹಾರ್ಮೋನ್, ಬೇಗ ಬೇಗ ತಟ್ಟಿದ್ರೆ ಎಲ್‌ಎಚ್ ಕಡೆ ವಾಲುತ್ತೆ, ನಿಧಾನಕ್ಕೆ ತಟ್ಟಿದ್ರೆ ಎಫ್‌ಎಸ್‌ಎಚ್ ಕಡೆ. ನಮ್ಮ ದೇಹದಲ್ಲೂ ಅಷ್ಟೇ, ತಿಂಗಳ ಮೊದಲರ್ಧದಲ್ಲಿ ಒಂದು ಒಂದೂವರೆ ಗಂಟೆಗೆ ಒಂದು ಬಡಿತ, ಅಂಡ ಬಿಡುಗಡೆ ಆದಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಬಂದು ಅದನ್ನ ಮೂರ್ನಾಲ್ಕು ಗಂಟೆಗೊಂದಕ್ಕೆ ಇಳಿಸುತ್ತೆ.

ಲಯಬದ್ಧವಾಗಿ ಕೊಡೋ ಪಂಪ್ ಇದೆ, ಸೊಂಟಕ್ಕೆ ಕಟ್ಕೊಂಡ್ರೆ ತೊಂಬತ್ತು ನಿಮಿಷಕ್ಕೊಂದು ಸಲ ಚರ್ಮದಡಿ ಚೂರು ಬಿಡುತ್ತೆ. ಆದ್ರೆ ಅದು ಮಗು ಬೇಕು ಅನ್ನೋರಿಗೆ, ಎಲ್ಲಾ ಕಡೆ ಸಿಗೋದೂ ಇಲ್ಲ.

ಪ್ರಶ್ನೆಪೆಟ್ಟಿಗೆ:
ನಂಗೆ ಪಿಸಿಓಎಸ್, ಓವರಿಯಲ್ಲಿ ನೀರುಗುಳ್ಳೆ ಅಂತಾರಲ್ಲ ಅದು. ನಂದು ಉಲ್ಟಾ ಕೇಸಾ ಹಾಗಾದ್ರೆ?

ಲ್ಯಾಬ್‌ಕೋಟು:
ತುಂಬಾ ಜನರಲ್ಲಿ ಹೌದು. ಬಡಿತ ಬೇಗ ಬೇಗ, ಪ್ರೊಜೆಸ್ಟರಾನ್ ನಿಧಾನ ಮಾಡು ಅಂದ್ರೂ ಸರಿಯಾಗಿ ಕೇಳಲ್ಲ, ಎಲ್‌ಎಚ್ ಜಾಸ್ತಿ ಉಳಿಯುತ್ತೆ, ಅದು ಓವರಿಯಿಂದ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತೆ. ಇನ್ಸುಲಿನ್ ಕಥೆ ಬೇರೆ ಇದೆ, ಅದಕ್ಕೆ ಇನ್ನೊಂದು ಥ್ರೆಡ್ಡೇ ಬೇಕು.

ಮಗಳತಾಯಿ:
ಕಾಲಿಂಗ್ ಬೆಲ್ ಉದಾಹರಣೆ ಓದಿ ಈಗ ಅರ್ಥ ಆಯ್ತು ಮೇಡಂ. ನಮ್ಮ ಮಗಳಿಗೆ ಆರೂವರೆ ವರ್ಷಕ್ಕೇ ಎದೆ ಬೆಳವಣಿಗೆ ಶುರುವಾಗಿತ್ತು, ಈಗ ಮೂರು ತಿಂಗಳಿಗೊಂದು ಲ್ಯೂಪ್ರೊಲೈಡ್ ಇಂಜೆಕ್ಷನ್. ಅದು ಜಿಎನ್‌ಆರ್‌ಎಚ್ ಥರದ್ದೇ ಔಷಧ ಅಂತ ಎಲ್ಲೋ ಓದಿ, ಇರೋದನ್ನ ಹೆಚ್ಚು ಮಾಡೋದನ್ನೇ ಕೊಡ್ತಿದಾರಲ್ಲ ಅಂತ ರಾತ್ರಿ ನಿದ್ದೆ ಬಂದಿರಲಿಲ್ಲ. ಮೊದಲ ಇಂಜೆಕ್ಷನ್ ಆದಾಗ ಒಂಚೂರು ಬ್ಲೀಡಿಂಗ್ ಬೇರೆ ಆಯ್ತು.

ಲ್ಯಾಬ್‌ಕೋಟು:
ಮೊದಲ ಒಂದೆರಡು ವಾರ ಬೆಲ್ ಜೋರಾಗಿ ಹೊಡೀತಿರುತ್ತೆ ಅಕ್ಕ, ಆಮೇಲೆ ವೈರ್ ಕಿತ್ತಂಗೆ. ಅದಕ್ಕೇ ಹಾಗಾಗಿರುತ್ತೆ, ಡಾಕ್ಟರ್‌ಗೆ ಹೇಳಿದೀರ ಅಂದ್ಕೊಳ್ತೀನಿ. ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಇದೇ ಔಷಧ ಕೊಡ್ತಾರೆ, ಅಲ್ಲೂ ಶುರುವಲ್ಲಿ ಟೆಸ್ಟೋಸ್ಟಿರಾನ್ ಒಂದ್ಸಲ ಏರಿ ಆಮೇಲೆ ಕುಸಿಯುತ್ತೆ. ನಿಲ್ಲಿಸಿದ ಮೇಲೆ ಮಗಳ ಲಯ ಮತ್ತೆ ಶುರುವಾಗುತ್ತೆ.

ಅಂದಹಾಗೆ, ಈ ಲಯ ಹುಟ್ಟಿದಾಗಲೇ ಇರುತ್ತೆ. ಕೂಸು ಹುಟ್ಟಿ ಮೊದಲ ಕೆಲವು ತಿಂಗಳು ಹಾರ್ಮೋನ್‌ಗಳು ಎದ್ದಿರ್ತಾವೆ, ಮಿನಿ ಪ್ಯೂಬರ್ಟಿ ಅಂತಾರೆ. ಆಮೇಲೆ ಮೆದುಳು ಬ್ರೇಕ್ ಹಾಕಿ ವರ್ಷಗಟ್ಟಲೆ ನಿಲ್ಲಿಸುತ್ತೆ. ದೊಡ್ಡವರಾಗೋದು ಅಂದ್ರೆ ಹೊಸದೇನೋ ಶುರುವಾಗೋದಲ್ಲ, ಬ್ರೇಕ್ ಬಿಡೋದು. ಮೊದಲು ನಿದ್ದೆಯಲ್ಲಿ ಮಾತ್ರ ಎಲ್‌ಎಚ್ ಬಡಿತ ಕಾಣಿಸ್ಕೊಳ್ಳುತ್ತೆ, ಆಮೇಲೆ ಹಗಲಿಗೂ ಹಬ್ಬುತ್ತೆ. ಆ ಬ್ರೇಕಿನ ಒಂದು ಭಾಗ ಎಂಕೆಆರ್‌ಎನ್3 ಅನ್ನೋ ಜೀನ್, 2013ರಲ್ಲಿ ಗೊತ್ತಾಯ್ತು. ತಮಾಷೆ ಏನಂದ್ರೆ ಅದರಲ್ಲಿ ಅಪ್ಪನ ಕಡೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತೆ, ಅಮ್ಮನ ಕಡೇದು ಮುಚ್ಚಿರುತ್ತೆ.

ಮಗಳತಾಯಿ:
ಅಯ್ಯೋ ಅದಕ್ಕೇನಾ ಡಾಕ್ಟ್ರು ನನ್ನ ಬಿಟ್ಟು ಯಜಮಾನ್ರನ್ನ "ನಿಮಗೆ ಎಷ್ಟನೇ ವಯಸ್ಸಿಗೆ ಮೀಸೆ ಬಂತು, ಧ್ವನಿ ಒಡೀತು" ಅಂತ ಕೇಳಿದ್ದು! ಮನೆಯಲ್ಲಿ ಎಲ್ಲರೂ ನನ್ನ ಮೇಲೇ ಹಾಕ್ತಿದ್ರು, ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ.

ಜಿಮ್‌ಹುಡುಗ:
ಲೇಡೀಸ್ ಥ್ರೆಡ್ ಅಂತ ಸುಮ್ಮನಿದ್ದೆ, ಆದ್ರೆ ಇದು ನನ್ನ ಕಥೆನೂ ಹೌದು. ಜಿಮ್ಮಲ್ಲಿ ಒಬ್ಬ ಹೇಳ್ದ ಅಂತ ಹತ್ತು ತಿಂಗಳು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡೆ. ಬಾಡಿ ಸೂಪರ್ ಆಯ್ತು. ಮದುವೆ ಆಗಿ ಒಂದು ವರ್ಷ ಆಯ್ತು ಮಗು ಇಲ್ಲ ಅಂತ ಟೆಸ್ಟ್ ಮಾಡ್ಸಿದ್ರೆ ಸ್ಪರ್ಮ್ ಕೌಂಟ್ ಸೊನ್ನೆ. ಸೊನ್ನೆ ಅಂದ್ರೆ ಸೊನ್ನೆ ಗುರು. ಗಂಡು ಹಾರ್ಮೋನ್ ಜಾಸ್ತಿ ಇದ್ರೆ ಸ್ಪರ್ಮ್ ಜಾಸ್ತಿ ಆಗ್ಬೇಕಲ್ವಾ ಲಾಜಿಕ್ ಪ್ರಕಾರ?

ಲ್ಯಾಬ್‌ಕೋಟು:
ರಕ್ತದಲ್ಲಿ ಟೆಸ್ಟೋಸ್ಟಿರಾನ್ ತುಂಬಿ ತುಳುಕ್ತಿರೋದನ್ನ ಮೆದುಳು ನೋಡುತ್ತೆ, ಸಾಕಪ್ಪ ಸಾಕು ಅಂತ ಬಡಿತ ನಿಲ್ಲಿಸುತ್ತೆ. ಎಲ್‌ಎಚ್ ಇಲ್ಲ, ಎಫ್‌ಎಸ್‌ಎಚ್ ಇಲ್ಲ, ವೃಷಣಕ್ಕೆ ಕೆಲಸ ಇಲ್ಲ, ಸಣ್ಣದಾಗುತ್ತೆ. ಇನ್ನು ವೀರ್ಯಾಣು ತಯಾರಾಗೋಕೆ ವೃಷಣದ ಒಳಗೆ ಟೆಸ್ಟೋಸ್ಟಿರಾನ್ ರಕ್ತದಲ್ಲಿರೋದಕ್ಕಿಂತ ಹತ್ತಾರು ಪಟ್ಟು ಇರ್ಬೇಕು. ಹೊರಗಿಂದ ಚುಚ್ಚಿದ್ದು ತೋಳಿಗೆ ಸಾಕಾಗುತ್ತೆ, ಅಲ್ಲಿಗೆ ಸಾಕಾಗಲ್ಲ. ನಿಲ್ಲಿಸಿದ್ರೆ ಹೆಚ್ಚಿನವರಿಗೆ ವಾಪಸ್ ಬರುತ್ತೆ, ಆದ್ರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತೆ. ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ಹತ್ರ ಹೋಗಿ, ಜಿಮ್ಮಿನವರು ಹೇಳೋ "ಸೈಕಲ್ ಮುಗಿದ ಮೇಲಿನ ಕೋರ್ಸ್" ನಂಬ್ಕೋಬೇಡಿ ದಯವಿಟ್ಟು.

ಹಳೇಪುಸ್ತಕ:
ಮೇಡಂ ಇಲ್ಲೊಂದು ತೊಡಕು. ಟೆಸ್ಟೋಸ್ಟಿರಾನ್, ಈಸ್ಟ್ರೋಜನ್ ನೋಡಿ ಮೆದುಳು ನಿಲ್ಲಿಸುತ್ತೆ ಅಂತೀರ. ಆದ್ರೆ ಆ ಜಿಎನ್‌ಆರ್‌ಎಚ್ ಕೋಶಗಳಲ್ಲಿ ಮುಖ್ಯವಾದ ಈಸ್ಟ್ರೋಜನ್ ರಿಸೆಪ್ಟರ್ರೇ ಇಲ್ಲ ಅಂತ ಓದಿದ ನೆನಪು. ಕಣ್ಣಿಲ್ಲದೋನು ನೋಡೋದು ಹೇಗೆ?

ಲ್ಯಾಬ್‌ಕೋಟು:
ಆಹಾ, ಈ ಪ್ರಶ್ನೆಗೇ ಕಾಯ್ತಿದ್ದೆ. ವರ್ಷಾನುಗಟ್ಟಲೆ ಎಲ್ಲರ ತಲೆ ತಿಂದ ಪ್ರಶ್ನೆ ಇದು. ಉತ್ತರ ಬಂದಿದ್ದು ಕ್ಯಾನ್ಸರ್ ಲ್ಯಾಬಿಂದ. 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷೀ ಊರಲ್ಲಿ, ಮೆಲನೋಮ ಕ್ಯಾನ್ಸರ್ ಹರಡದಂತೆ ತಡೆಯೋ ಒಂದು ಜೀನ್ ಸಿಕ್ತು. ಆ ಊರು ಹರ್ಷೀಸ್ ಕಿಸಸ್ ಚಾಕೊಲೇಟಿಗೆ ಹೆಸರುವಾಸಿ, ಅದಕ್ಕೆ ಜೀನಿಗೆ ಕಿಸ್1 ಅಂತ ಹೆಸರಿಟ್ರು. ಸಂತಾನೋತ್ಪತ್ತಿಗೂ ಇದಕ್ಕೂ ಸಂಬಂಧ ಇದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಹೆಸರು ಮಾತ್ರ ಎಷ್ಟು ಕರೆಕ್ಟಾಗಿ ಬಿತ್ತು ನೋಡಿ! 2003ರಲ್ಲಿ ಪ್ಯಾರಿಸ್ ಮತ್ತು ಬಾಸ್ಟನ್‌ನ ಎರಡು ತಂಡ ಬೇರೆಬೇರೆಯಾಗಿ ಹೇಳಿದ್ವು, ಪ್ರಾಯಕ್ಕೇ ಬರದ ಕೆಲವು ಕುಟುಂಬಗಳಲ್ಲಿ ಈ ಜೀನ್ ಮಾಡಿಸೋ ಕಿಸ್‌ಪೆಪ್ಟಿನ್ ಅನ್ನೋ ವಸ್ತುವನ್ನ ಹಿಡಿಯೋ ರಿಸೆಪ್ಟರ್ ಕೆಟ್ಟಿದೆ ಅಂತ.

ಕಣ್ಣು ಇರೋದು ಕಿಸ್‌ಪೆಪ್ಟಿನ್ ಕೋಶಕ್ಕೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಲ್ಲಾ ಅದು ನೋಡುತ್ತೆ, ನೋಡಿ ಜಿಎನ್‌ಆರ್‌ಎಚ್ ಕೋಶಕ್ಕೆ ಹೋಗು ಅನ್ನುತ್ತೆ ಇಲ್ಲ ಸುಮ್ಮನಿರುತ್ತೆ. ಆ ಒಂದೇ ಕೋಶ ಇನ್ನೆರಡು ವಸ್ತು ಕೂಡ ಮಾಡುತ್ತೆ, ನ್ಯೂರೋಕೈನಿನ್ ಬಿ ಮತ್ತು ಡೈನಾರ್ಫಿನ್. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತೀವಲ್ಲ, ನ್ಯೂರೋಕೈನಿನ್ ಅಕ್ಕಪಕ್ಕದ ಕೋಶಗಳನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತೆ, ಸ್ವಲ್ಪ ಹೊತ್ತಿಗೆ ಡೈನಾರ್ಫಿನ್ ಬಂದು ಎಲ್ಲರನ್ನೂ ಮಲಗಿಸುತ್ತೆ. ಎಬ್ಬಿಸು ಮಲಗಿಸು, ಎಬ್ಬಿಸು ಮಲಗಿಸು. ಗಾದೆಯಲ್ಲಿ ಎತ್ತು ಕೋಣದ ಜಗಳಕ್ಕೆ ಹೊಲ ಹಾಳು, ಇಲ್ಲಿ ಆ ಜಗಳದಿಂದಲೇ ಲಯ ಹುಟ್ಟುತ್ತೆ. 2017ರಲ್ಲಿ ಮೌಸ್ ಅನ್ನೋ ಸಣ್ಣ ಜಾತಿ ಇಲಿಗಳ ಮೆದುಳಿಗೆ ಬೆಳಕು ಹಾಯಿಸಿ ಈ ಕೋಶಗಳನ್ನ ಆನ್ ಆಫ್ ಮಾಡಿ, ಎಲ್‌ಎಚ್ ಬಡಿತ ಇಲ್ಲಿಂದಲೇ ಬರೋದು ಅಂತ ತೋರಿಸಿದ್ರು.

ಐವತ್ತೊಂದು:
ನ್ಯೂರೋಕೈನಿನ್ ಅಂದ್ರಲ್ಲ ಮೇಡಂ, ನಮ್ಮ ಡಾಕ್ಟ್ರು ಹಾಟ್ ಫ್ಲ್ಯಾಶ್‌ಗೆ ಒಂದು ಹೊಸ ಮಾತ್ರೆ ಹೇಳಿದ್ರು ಫೆಝೋಲಿನೆಟಾಂಟ್ ಅಂತ, ಅದೂ ಇದಕ್ಕೆ ಸಂಬಂಧಪಟ್ಟಿದ್ದಾ? ರಾತ್ರಿ ಮೂರು ಸಲ ಎದ್ದು ಬೆವರು ಒರೆಸ್ಕೊಳ್ಳೋದೇ ಆಗೋಗಿದೆ ಜೀವನ.

ಲ್ಯಾಬ್‌ಕೋಟು:
ಅದೇ ಕೋಶಗಳು ಅಮ್ಮಾ! ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಕಡಿವಾಣ ಇಲ್ಲ, ಈ ಕೋಶಗಳು ಉಬ್ಬಿ ದೊಡ್ಡದಾಗಿ ಸಿಕ್ಕಾಪಟ್ಟೆ ಚುರುಕಾಗ್ತಾವೆ. ಇವುಗಳ ತಂತು ದೇಹದ ಉಷ್ಣತೆ ನೋಡ್ಕೊಳ್ಳೋ ಭಾಗಕ್ಕೂ ಹೋಗುತ್ತೆ, ಅಲ್ಲಿ ಗಲಾಟೆ ಆದ್ರೆ ಮೈಯೆಲ್ಲ ಬಿಸಿ. ಆ ಮಾತ್ರೆ ನ್ಯೂರೋಕೈನಿನ್‌ನ ರಿಸೆಪ್ಟರನ್ನ ಮುಚ್ಚುತ್ತೆ, ಹಾರ್ಮೋನ್ ಅಲ್ಲ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ತು. ಲಿವರ್ ಟೆಸ್ಟ್ ಮಾಡಿಸ್ತಾ ಇರ್ಬೇಕು, ಅದನ್ನ ಮರೀಬೇಡಿ.

ಪ್ರಶ್ನೆಪೆಟ್ಟಿಗೆ:
ಒಂದ್ ನಿಮಿಷ. ಈಸ್ಟ್ರೋಜನ್ ಕಡಿವಾಣ ಅಂತೀರ. ಆದ್ರೆ ಅಂಡ ಬಿಡುಗಡೆ ಆಗೋಕೆ ಮುಂಚೆ ಈಸ್ಟ್ರೋಜನ್ ಏರಿದಾಗಲೇ ತಾನೇ ಎಲ್‌ಎಚ್ ಧಿಡೀರ್ ಅಂತ ಹಾರೋದು? ಕಡಿವಾಣಾನೂ ಅದೇ ಚಾಟಿನೂ ಅದೇನಾ?

ಲ್ಯಾಬ್‌ಕೋಟು:
ಹೂಂ, ಎರಡೂ ಅದೇ. ಈಸ್ಟ್ರೋಜನ್ ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಮ್ ಮೇಲೆ ಹೋಗಿ ಸುಮಾರು ಎರಡು ದಿನ ಅಲ್ಲೇ ನಿಂತ್ರೆ ಕಡಿವಾಣ ಚಾಟಿಯಾಗುತ್ತೆ. ಒಂದು ಗಳಿಗೆ ಏರಿ ಇಳಿದ್ರೆ ಆಗಲ್ಲ. ಇದು ಚೆನ್ನಾಗಿರೋ ವ್ಯವಸ್ಥೆ, ಯಾಕಂದ್ರೆ ಅಷ್ಟು ಈಸ್ಟ್ರೋಜನ್ ಅಷ್ಟು ದಿನ ಕೊಡೋ ತಾಕತ್ತು ಪೂರ್ತಿ ಬಲಿತ ಕೋಶಿಕೆಗೆ (ಓವರಿಯಲ್ಲಿ ಅಂಡ ಬೆಳೆಯೋ ಚೀಲಕ್ಕೆ) ಮಾತ್ರ ಇರೋದು. ಅಂಡ ರೆಡಿ ಅಂತ ಓವರಿಯೇ ಮೇಲಕ್ಕೆ ಹೇಳಿಕಳಿಸಿದಂಗೆ. ಇಲಿಗಳಲ್ಲಿ ಚಾಟಿಗೆ ಬೇರೆಯದೇ ಕಿಸ್‌ಪೆಪ್ಟಿನ್ ಗುಂಪು ಇದೆ, ಹಗಲು ರಾತ್ರಿ ಗಡಿಯಾರಕ್ಕೂ ಅದು ಜೋಡಿಸ್ಕೊಂಡಿದೆ. ಆದ್ರೆ ನೋಬಿಲ್ ಅವರ ಕೋತಿಗಳಲ್ಲಿ ಗಂಟೆಗೊಂದು ಬಡಿತ ಒಂಚೂರೂ ಬದಲಾಯಿಸದೇ ಇಟ್ರೂ ಎಲ್‌ಎಚ್ ಹಾರಿತು. ಅಂದ್ರೆ ಕೋತಿಯಲ್ಲಿ ಪಿಟ್ಯುಟರಿಯೇ ಈಸ್ಟ್ರೋಜನ್ ನೋಡಿ ಸೂಕ್ಷ್ಮವಾಗಿಬಿಡುತ್ತೆ. ಹಳೇಪುಸ್ತಕ ಸರ್, ಯಜಮಾನಿಕೆ ಅಷ್ಟಿಷ್ಟು ಅದಕ್ಕೂ ಕೊಡಿ 🙂

ಹಳೇಪುಸ್ತಕ:
ಒಪ್ಪಲ್ಲ 🙂 ಗಂಟೆಗೊಂದು ಬಡಿತ ಕೊಟ್ಟಿದ್ದು ಪಂಪು, ಅದಿಲ್ದೆ ಪಿಟ್ಯುಟರಿ ಏನು ಮಾಡ್ತಿತ್ತು?

ವಾಸನೆಯಿಲ್ಲದವ:
ಬಹಳ ದಿನದಿಂದ ಓದ್ತಾ ಇದೀನಿ, ಬರೆಯೋದು ಇದೇ ಮೊದಲು. ನಂಗೆ ಹುಟ್ಟಿದಾಗಿಂದ ವಾಸನೆ ಗೊತ್ತಾಗಲ್ಲ. ಹೂವು ಮೂಸಿ "ಆಹಾ" ಅನ್ನೋದನ್ನ ಬೇರೆಯವರನ್ನ ನೋಡಿ ಕಲಿತಿದ್ದೆ, ಎಲ್ಲರೂ ನಾಟಕಾನೇ ಮಾಡ್ತಾರೆ ಅಂದ್ಕೊಂಡಿದ್ದೆ ಚಿಕ್ಕವನಿದ್ದಾಗ. 19 ಆದ್ರೂ ಮೀಸೆ ಇಲ್ಲ, ಧ್ವನಿ ಒಡೀಲಿಲ್ಲ. ನಾಲ್ಕು ಡಾಕ್ಟ್ರು "ಲೇಟಾಗಿ ಬರುತ್ತೆ ಕಾಯಿ" ಅಂದ್ರು. ಐದನೆಯವರು ಮೊದಲು ಕೇಳಿದ್ದೇ "ವಾಸನೆ ಬರುತ್ತಾ" ಅಂತ. ನಾನು ತಬ್ಬಿಬ್ಬಾದೆ. ಕಾಲ್ಮನ್ ಸಿಂಡ್ರೋಮ್ ಅಂದ್ರು. ಮೂಗಿಗೂ ಇದಕ್ಕೂ ಏನು ಅಂತ ಕೇಳಿದ್ದಕ್ಕೆ ಚಿತ್ರ ಬರೆದು ತೋರಿಸಿದ್ರು.

ಹಳೇಪುಸ್ತಕ:
ಬರೆದಿದ್ದಕ್ಕೆ ಥ್ಯಾಂಕ್ಸ್ ಸರ್. ಕಾಲ್ಮನ್ ವಿವರಿಸಿದ್ದು 1944ರಲ್ಲಿ. ಆದ್ರೆ 1856ರಲ್ಲೇ ಸ್ಪೇನಿನ ಮಾಯೆಸ್ತ್ರೆ ದೆ ಸಾನ್ ಹುವಾನ್ ಅನ್ನೋರು ಒಬ್ಬ ಮನುಷ್ಯನ ಶವಪರೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಿ ಬರೆದಿದ್ರು, ಮೆದುಳಲ್ಲಿ ವಾಸನೆಯ ಭಾಗ ಇಲ್ಲ, ಜನನಾಂಗ ಬೆಳೆದಿಲ್ಲ ಅಂತ. ಯಾಕೆ ಅಂತ ಅವರಿಗೆ ಗೊತ್ತಾಗೋ ದಾರಿಯೇ ಇರಲಿಲ್ಲ.

ಲ್ಯಾಬ್‌ಕೋಟು:
ಆ ಚಿತ್ರ ಬರೆದ ಡಾಕ್ಟರಿಗೆ ನನ್ನದೊಂದು ನಮಸ್ಕಾರ. ಜಿಎನ್‌ಆರ್‌ಎಚ್ ಕೋಶಗಳು ಹುಟ್ಟೋದು ಮೆದುಳಲ್ಲೇ ಅಲ್ಲ, ಭ್ರೂಣದ ಮೂಗಾಗೋ ಜಾಗದಲ್ಲಿ. ಅಲ್ಲಿಂದ ವಾಸನೆಯ ನರದ ತಂತುಗಳನ್ನ ಹಿಡ್ಕೊಂಡು ನಡ್ಕೊಂಡು ಮೆದುಳೊಳಗೆ ಹೋಗ್ತಾವೆ. ದಾರೀನೇ ಸರಿ ಬೆಳೀದಿದ್ರೆ ಅವು ಮಧ್ಯದಲ್ಲೇ ಸಿಕ್ಕಿಹಾಕ್ಕೊಳ್ತಾವೆ. ಎಕ್ಸ್ ಕ್ರೋಮೋಸೋಮ್‌ನ ಅನೋಸ್1 ಜೀನ್ 1991ರಲ್ಲಿ ಸಿಕ್ತು, ಆಮೇಲೆ ಇನ್ನೂ ಹಲವು ಸಿಕ್ಕಿವೆ. ನಿಮ್ಮ ಪಿಟ್ಯುಟರಿ, ವೃಷಣ ಎರಡಕ್ಕೂ ದೋಷ ಇಲ್ಲ, ಬಾಗಿಲು ತಟ್ಟೋರು ಮನೆಗೆ ಬಂದೇ ಇಲ್ಲ.

ವಾಸನೆಯಿಲ್ಲದವ:
ಹೌದು ಅದನ್ನೇ ಹೇಳಿದ್ರು. ಮೊದಲು ಟೆಸ್ಟೋಸ್ಟಿರಾನ್, ಆಮೇಲೆ ಮಗು ಬೇಕು ಅಂದಾಗ ಎಚ್‌ಸಿಜಿ (ಎಲ್‌ಎಚ್ ಕೆಲಸ ಮಾಡೋ ಹಾರ್ಮೋನ್) ಮತ್ತು ಎಫ್‌ಎಸ್‌ಎಚ್ ಇಂಜೆಕ್ಷನ್ ಒಂದೂವರೆ ವರ್ಷ. ಮಗಳಿಗೆ ಈಗ ಎರಡು ವರ್ಷ. ಅವಳು ಬೆಳಿಗ್ಗೆ ಎದ್ದು ಮೂಗು ಮುಚ್ಕೊಂಡು "ಛೀ" ಅಂದಾಗ ಡೈಪರ್ ತೆಗೀಬೇಕು ಅಂತ ನಂಗೆ ಗೊತ್ತಾಗುತ್ತೆ.

ರಾತ್ರಿಪಾಳಿ:
🤣 ಸೂಪರ್ ಅಣ್ಣ. ನಂದೊಂದು ಸಣ್ಣ ಡೌಟು. ಮಗುಗೆ ಎಂಟು ತಿಂಗಳು, ಎದೆಹಾಲು ಕುಡೀತಾನೆ, ಪೀರಿಯಡ್ಸ್ ಇನ್ನೂ ಇಲ್ಲ. ಹಾಲು ಕುಡಿಸ್ತಿದ್ರೆ ಬಸುರಿ ಆಗಲ್ಲ ಅಂತಾರಲ್ಲ ನಿಜನಾ?

ಲ್ಯಾಬ್‌ಕೋಟು:
ಅರ್ಧ ನಿಜ. ಮಗು ಚೀಪಿದಾಗ ಮೆದುಳಿನ ಡೋಪಮಿನ್ ಅನ್ನೋ ತಡೆ ಕಡಿಮೆಯಾಗಿ ಹಾಲು ಬರಿಸೋ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರುತ್ತೆ, ಅದು ಕಿಸ್‌ಪೆಪ್ಟಿನ್ ಕೋಶಗಳನ್ನ ಸುಮ್ಮನಾಗಿಸುತ್ತೆ. ಆದ್ರೆ 98 ಪರ್ಸೆಂಟ್ ರಕ್ಷಣೆ ಅಂತ ಹೇಳೋದು ಮೂರೂ ಕೂಡಿದಾಗ ಮಾತ್ರ: ಮಗುಗೆ ಆರು ತಿಂಗಳೊಳಗೆ, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಇಲ್ಲ, ಮುಟ್ಟು ಬಂದಿಲ್ಲ. ನಿಮ್ಮ ಮಗುಗೆ ಎಂಟು ತಿಂಗಳು, ಲೆಕ್ಕ ಮುಗೀತು. ವಾಂತಿಗೆ ಕೊಡೋ ಡೊಂಪೆರಿಡೋನ್, ಕೆಲವು ಮಾನಸಿಕ ಕಾಯಿಲೆ ಔಷಧ ಕೂಡ ಡೋಪಮಿನ್ ತಡೆದು ಪ್ರೊಲ್ಯಾಕ್ಟಿನ್ ಏರಿಸ್ತಾವೆ, ಅದಕ್ಕೇ ಪೀರಿಯಡ್ಸ್ ನಿಂತ್ರೆ ಯಾವ ಮಾತ್ರೆ ತಗೋತೀರ ಅಂತ ಕೇಳೋದು.

ಅರ್ಧಓಟ:
ನನ್ನ ಎರಡನೇ ಪ್ರಶ್ನೆ ಎಲ್ಲರೂ ಮರೆತ್ರಿ. ಓಟದ ಲೆಕ್ಕ ಮೆದುಳಿಗೆ ಯಾರು ಹೇಳಿದ್ರು? ಆಫೀಸಲ್ಲಿ ಎಲ್ಲರೂ "ಟೆನ್ಶನ್ ಮಾಡ್ಕೋಬೇಡ ಎಲ್ಲಾ ಸರಿಹೋಗುತ್ತೆ" ಅಂತಾರೆ, ಟೆನ್ಶನ್ ಅಂತೂ ಈ ಮಾತು ಕೇಳಿದಾಗಲೇ ಬರೋದು.

ಲ್ಯಾಬ್‌ಕೋಟು:
ಲೆಪ್ಟಿನ್ ಅನ್ನೋ ಹಾರ್ಮೋನ್, ಕೊಬ್ಬಿನ ಕೋಶ ಬಿಡುತ್ತೆ, 1994ರಲ್ಲಿ ಸಿಕ್ಕಿದ್ದು. ಕೊಬ್ಬು ಕರಗಿದಾಗ ಇಳಿಯುತ್ತೆ, ಅದಕ್ಕಿಂತ ಮುಂಚೆ ಕೆಲವು ದಿನ ಕಡಿಮೆ ತಿಂದ್ರೂ ಇಳಿಯುತ್ತೆ. ಲೆಪ್ಟಿನ್ ನೋಡೋ ಕಣ್ಣೂ ಜಿಎನ್‌ಆರ್‌ಎಚ್ ಕೋಶಕ್ಕಿಲ್ಲ, ಸುದ್ದಿ ಬೇರೆ ನರಕೋಶಗಳ ಬಾಯಿಂದ ಬಾಯಿಗೆ ಬರುತ್ತೆ. 2004ರಲ್ಲಿ ನಿಮ್ಮಂಥದ್ದೇ ತೊಂದರೆ ಇದ್ದ ಎಂಟು ಜನ ಮಹಿಳೆಯರಿಗೆ ಲೆಪ್ಟಿನ್ ಚುಚ್ಚಿ ನೋಡಿದ್ರು, ಎಲ್‌ಎಚ್ ಬಡಿತ ಚುರುಕಾಯ್ತು, ಮೂವರಿಗೆ ಅಂಡ ಬಿಡುಗಡೆ ಆಯ್ತು.

ಇನ್ನೊಂದು ಪ್ರಯೋಗ 2003ದು, ಆನ್ ಲೌಕ್ಸ್ ಅನ್ನೋ ವಿಜ್ಞಾನಿದು. ಪೀರಿಯಡ್ಸ್ ಸರಿಯಿದ್ದ ಮಹಿಳೆಯರಿಗೆ ಐದೇ ದಿನ ಊಟ ಮತ್ತು ವ್ಯಾಯಾಮ ಅಳೆದು ಕೊಟ್ರು. ತಿಂದ ಕ್ಯಾಲೊರಿಯಲ್ಲಿ ವ್ಯಾಯಾಮಕ್ಕೆ ಹೋಗಿದ್ದು ಕಳೆದು ಉಳಿದಿದ್ದು, ಕೊಬ್ಬು ಬಿಟ್ಟ ದೇಹದ ತೂಕದಲ್ಲಿ ಕಿಲೋಗೆ 30ಕ್ಕಿಂತ ಕೆಳಗೆ ಇಳಿದಾಗ ಎಲ್‌ಎಚ್ ಬಡಿತ ಕೆಡ್ತು. ಐದು ದಿನಕ್ಕೇ! ಈ 30 ಎಲ್ಲರಿಗೂ ಕಲ್ಲಲ್ಲಿ ಕೆತ್ತಿದ ಗೆರೆ ಅಲ್ಲ, ಆದ್ರೂ ಲೆಕ್ಕ ಹಾಕಿ ನೋಡಿ. ನೀವು 55 ಕಿಲೋ, ಕೊಬ್ಬು ಬಿಟ್ರೆ 45 ಅಂದ್ಕೊಳ್ಳಿ, 1,350 ಉಳೀಬೇಕು. 12 ಕಿಲೋಮೀಟರ್ ಓಟಕ್ಕೆ ಸುಮಾರು 650. ಅಂದ್ರೆ ಆ ದಿನ 2,000 ತಿಂದ್ರೆ ಬರೀ ಆ ಗೆರೆ ಮುಟ್ಟಿದಂಗೆ, ಆರಾಮಾಗಿರೋಕೆ ಇನ್ನೂ ಬೇಕು. ನೀವು ಎಷ್ಟು ತಿಂತಿದ್ರಿ?

ಅರ್ಧಓಟ:
...1,400. ಆ್ಯಪಲ್ಲಿ ಹಸಿರು ಟಿಕ್ ಬರ್ತಿತ್ತು.

ಐವತ್ತೊಂದು:
ಅಯ್ಯೋ ಕೂಸೇ.

ಲ್ಯಾಬ್‌ಕೋಟು:
ಟೆನ್ಶನ್ ಬಗ್ಗೆ, ಅದೂ ಸುಳ್ಳಲ್ಲ. 2003ರಲ್ಲೇ 16 ಮಹಿಳೆಯರ ಒಂದು ಸಣ್ಣ ಅಧ್ಯಯನದಲ್ಲಿ ಅರ್ಧ ಜನಕ್ಕೆ 20 ವಾರ ಕೌನ್ಸೆಲಿಂಗ್ ಥರದ ಥೆರಪಿ ಕೊಟ್ರು, ಅವರಲ್ಲಿ ಹೆಚ್ಚಿನವರ ಓವರಿ ಮತ್ತೆ ಚುರುಕಾಯ್ತು. ಆದ್ರೆ ಅದು ಕೂತು ಮಾಡೋ ಚಿಕಿತ್ಸೆ, "ಟೆನ್ಶನ್ ಬಿಡು" ಅನ್ನೋ ಉಪದೇಶ ಅಲ್ಲ. ಇನ್ನೊಂದು, ಏಳು ತಿಂಗಳು ಈಸ್ಟ್ರೋಜನ್ ಇಲ್ದೆ ಇದೀರ, ಮೂಳೆ ಡೆನ್ಸಿಟಿ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನ ಕೇಳಿ. ಓಡೋರಿಗೆ ಕಾಲಿನ ಮೂಳೆ ಬಿರುಕು ಬಿಡೋದು ಇದರಿಂದಲೇ ಶುರು.

ಅರ್ಧಓಟ (ನಾಲ್ಕು ತಿಂಗಳ ನಂತರ):
ಅಪ್ಡೇಟ್. ಓಟ ವಾರಕ್ಕೆ ಮೂರು ದಿನ, ಆ್ಯಪ್ ಡಿಲೀಟ್, ತೂಕ 60. ಮೂಳೆ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆ ಸ್ವಲ್ಪ ಕಡಿಮೆ ಬಂದಿದೆ, ಆರು ತಿಂಗಳು ಬಿಟ್ಟು ಬನ್ನಿ ಅಂದಿದಾರೆ. ನಿನ್ನೆ ಸುಮ್ಮನೆ ಓವ್ಯುಲೇಶನ್ ಸ್ಟ್ರಿಪ್ ಮಾಡಿದೆ, ಎರಡು ಗೆರೆ ಗಾಢವಾಗಿ ಬಂತು. ಪೀರಿಯಡ್ಸ್ ಇನ್ನೂ ಬಂದೇ ಇಲ್ಲ, ಸ್ಟ್ರಿಪ್ ಕೆಟ್ಟಿದೆಯಾ?

ಲ್ಯಾಬ್‌ಕೋಟು:
ಕೆಟ್ಟಿಲ್ದೇ ಇರಬಹುದು! ಮೊದಲು ಬರೋದು ಅಂಡ, ಪೀರಿಯಡ್ಸ್ ಆಮೇಲೆ. ಎಲ್‌ಎಚ್ ಏರೋಕೆ ಶುರುವಾಗಿ ಸುಮಾರು 36 ಗಂಟೆಗೆ ಅಂಡ ಬಿಡುಗಡೆ, ಅದಾಗಿ ಎರಡು ವಾರಕ್ಕೆ ಮುಟ್ಟು. ಈ ಥರ ನಿಂತಿದ್ದೋರಿಗೆ ಕೆಲವೊಮ್ಮೆ ಎಲ್‌ಎಚ್ ಏರಿ ಅಂಡ ಬರದೇನೂ ಹೋಗುತ್ತೆ, ಹಾಗಾಗಿ ಎರಡು ವಾರ ಕಾದು ನೋಡಿ. ಮಗು ಈಗ ಬೇಡ ಅಂದ್ರೆ ಪೀರಿಯಡ್ಸ್ ಬಂದಿಲ್ಲ ಅಂತ ಧೈರ್ಯವಾಗಿ ಇರ್ಬೇಡಿ.

ಅರ್ಧಓಟ:
ಹದಿನೈದನೇ ದಿನ. ಬಂತು. ಹೊಟ್ಟೆನೋವಿಗೆ ಬೈಕೊಂಡೇ ಟೈಪ್ ಮಾಡ್ತಿದೀನಿ.

ಜಿಮ್‌ಹುಡುಗ:
ಕಂಗ್ರಾಟ್ಸ್ ಅಕ್ಕ. ನಂದು ನಿಲ್ಲಿಸಿ ಐದು ತಿಂಗಳಾಯ್ತು, ಎಲ್‌ಎಚ್ ನಾರ್ಮಲ್‌ಗೆ ಬಂದಿದೆ, ಕೌಂಟ್ ಮಾತ್ರ ಮಿಲಿಲೀಟರಿಗೆ 20 ಲಕ್ಷ, ಕೋಟಿ ಲೆಕ್ಕದಲ್ಲಿ ಇರ್ಬೇಕಂತೆ. ಎಲ್‌ಎಚ್ ಬಂದ್ರೂ ಇದ್ಯಾಕೆ ಬರ್ತಿಲ್ಲ ಮೇಡಂ?

ಲ್ಯಾಬ್‌ಕೋಟು:
ಒಂದು ವೀರ್ಯಾಣು ತಯಾರಾಗೋಕೇ ಎರಡು ಎರಡೂವರೆ ತಿಂಗಳು ಬೇಕು, ಇವತ್ತು ನೀವು ಎಣಿಸ್ತಿರೋದು ಆಗ ಬಿತ್ತಿದ್ದನ್ನ. ಎಲ್‌ಎಚ್ ನಾರ್ಮಲ್ ಆಗಿದ್ದು ಯಾವಾಗ, ಹೋದ ತಿಂಗಳಾ? ಸೊನ್ನೆಯಿಂದ 20 ಲಕ್ಷ ಬಂದಿದೆ, ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಇಲ್ಲೇ ಬಂದು ಹೇಳಿ.